ಹಂಸಾಳ ಅರಿವಳಿಕೆ ಓದು

ದಿಯಾ ಹುಟ್ಟಿದ ದಿನ ಆಪರೇಷನ್ ಕೋಣೆಯಲ್ಲಿ ಹಂಸಾಳ ತಲೆಯ ಬಳಿ ಒಬ್ಬ ಹೆಂಗಸು ಕೂತಿದ್ದಳು. ಎದೆಯ ಮೇಲೆ ನೀಲಿ ಪರದೆ ಕಟ್ಟಿದ್ದರು. ಆಚೆ ಕಡೆ ಸಿಸೇರಿಯನ್ ಮಾಡುವ ಡಾಕ್ಟರುಗಳು, ಈಚೆ ಕಡೆ ಹಂಸಾ ಮತ್ತು ಈ ಹೆಂಗಸು. ಗಂಡ ವಿಶ್ವಾಸ್ ಕೂಡ ಈಚೆಗೇ ಇದ್ದ. ಆದರೆ ಮುಖವೆಲ್ಲ ಬಿಳಿಚಿಕೊಂಡು ಸ್ಟೂಲಿನ ಮೇಲೆ ಅವನು ಕೂತಿದ್ದ ರೀತಿಗೆ ಇದ್ದೂ ಇಲ್ಲದ ಹಾಗೇ. ಹೆಂಗಸು ಹಂಸಾಳ ಹಣೆಯ ಕೂದಲನ್ನು ಸರಿಸಿ, ಈಗ ಹೊಟ್ಟೆಯನ್ನು ಯಾರೋ ಜಗ್ಗಿದ ಹಾಗಾಗುತ್ತದೆ, ನೋವಾಗುವುದಿಲ್ಲ, ಎನ್ನುವಳು. ಹಾಗೆಯೇ ಆಗುತ್ತಿತ್ತು. ಈಗ ಸ್ವಲ್ಪ ವಾಕರಿಕೆ ಬರಬಹುದು, ಔಷಧ ಕೊಟ್ಟಿದ್ದೇನೆ, ಹೋಗುತ್ತದೆ, ಎನ್ನುವಳು. ಹೋಗುತ್ತಿತ್ತು. ನಡುವೆ ವಿಶ್ವಾಸ್ ಕಡೆ ತಿರುಗಿ, ತಲೆ ತಗ್ಗಿಸಿ ಕೂರಿ, ನೀವು ಬಿದ್ದರೆ ಎತ್ತುವುದಕ್ಕೆ ಇಲ್ಲಿ ಯಾರಿಗೂ ಬಿಡುವಿಲ್ಲ, ಎಂದು ಅವನನ್ನೂ ಸಂಭಾಳಿಸಿದಳು.

ಮಾರನೆಯ ದಿನ ಹಂಸಾ ವಾರ್ಡಿನ ನರ್ಸನ್ನು ಕೇಳಿದಳು. "ನಿನ್ನೆ ಇದ್ದ ಅನಸ್ತೇಶಿಯಾ ಡಾಕ್ಟರ್ ಹೆಸರೇನು?"

"ಅವರು ಡಾಕ್ಟರಲ್ಲ, ನನ್ನ ಹಾಗೆ ನರ್ಸು. ಅದಕ್ಕೇ ಅಂತ ಬೇರೆ ಓದಿದ್ದಾರೆ. ನರ್ಸ್ ಅನಸ್ತೆಟಿಸ್ಟ್."

ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹಂಸಾ ಆ ಮಾತನ್ನು ಬಹಳ ಹೊತ್ತು ಯೋಚಿಸಿದಳು. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಓದಿ ಮದುವೆಯಾಗಿ ಅಮೆರಿಕಕ್ಕೆ ಬಂದವಳು ಅವಳು. ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಡಾಲಸ್ ಪಕ್ಕದ ಯೂಲೆಸ್‌ನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು, ಏರ್‌ಪೋರ್ಟಿಗೆ ಇಳಿಯುವ ವಿಮಾನಗಳ ಬಾಲ ನೋಡಿ ಯಾವ ಕಂಪನಿಯದೆಂದು ಹೇಳುವುದರಲ್ಲಿ ಪಳಗಿದ್ದಳು. ಗ್ರೀನ್ ಕಾರ್ಡ್ ಬಂದ ವರ್ಷ, ದಿಯಾ ತೊದಲು ಮಾತಾಡುತ್ತಿದ್ದಾಗ, "ನಾನು ನರ್ಸಿಂಗ್ ಓದ್ತೀನಿ," ಎಂದಳು.

"ಓದು. ಆಮೇಲೆ?" ಎಂದ ವಿಶ್ವಾಸ್.

"ಆಮೇಲೆ ಐಸಿಯುನಲ್ಲಿ ಕೆಲಸ. ಆಮೇಲೆ ಮತ್ತೆ ಓದು. ಅನಸ್ತೇಶಿಯಾ."

"ಒಟ್ಟು ಎಷ್ಟು ವರ್ಷ ಆಗುತ್ತೆ?"

"ಕೇಳ್ಬೇಡ. ಕೇಳಿದ್ರೆ ಇಬ್ಬರಿಗೂ ಭಯ ಆಗುತ್ತೆ."

ಅವನು ಕೇಳಲಿಲ್ಲ.

ಮನೆಯ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಅನಾಟಮಿಯ ಕ್ಲಾಸಿಗೆ ಹೋದ ಮೊದಲ ದಿನ ಹುಡುಗರೆಲ್ಲ ಅವಳನ್ನು ಮೇಡಂ ಎಂದುಕೊಂಡು ಎದ್ದು ದಾರಿ ಬಿಟ್ಟರು. ಅವಳು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾಗ ಪಾಪ, ಅವರಿಗೇ ನಾಚಿಕೆಯಾಯಿತು. ಅಲ್ಲಿಂದ ನರ್ಸಿಂಗ್ ಡಿಗ್ರಿ, ಅದರ ಮೇಲೆ ಲೈಸೆನ್ಸ್ ಪರೀಕ್ಷೆ, ಕೊನೆಗೆ ಡಾಲಸ್‌ನ ಒಂದು ದೊಡ್ಡ ಆಸ್ಪತ್ರೆಯ ಹೃದಯದ ಐಸಿಯುನಲ್ಲಿ ಕೆಲಸ. ಅರಿವಳಿಕೆಯ ಶಾಲೆಗಳು ಐಸಿಯು ಅನುಭವ ಇಲ್ಲದವರ ಅರ್ಜಿಯನ್ನು ನೋಡುವುದೇ ಇಲ್ಲ. ಉಸಿರಾಟದ ಯಂತ್ರ, ರಕ್ತದೊತ್ತಡ ಏರಿಸುವ ಇಳಿಸುವ ಔಷಧಗಳು, ಗಳಿಗೆಗೊಮ್ಮೆ ಬದಲಾಗುವ ರೋಗಿ, ಇವುಗಳ ಜೊತೆ ಕೈ ನಡುಗದೆ ಬದುಕುವುದನ್ನು ಅಲ್ಲೇ ಕಲಿಯಬೇಕು. ಹಂಸಾಳಿಗೆ ಆ ಕೆಲಸ ಹಿಡಿಸಿಬಿಟ್ಟಿತು. ಆದರೂ ರಜೆಯ ದಿನ ಬಂದರೆ ಅರಿವಳಿಕೆ ಕೊಡುವವರ ಅನುಮತಿ ಪಡೆದು, ಆಪರೇಷನ್ ಕೋಣೆಯ ಮೂಲೆಯಲ್ಲಿ ಕೈಕಟ್ಟಿ ನಿಂತು ಅವರ ಕೆಲಸ ನೋಡಿ ಬರುತ್ತಿದ್ದಳು.

ಅರಿವಳಿಕೆ ಶಾಲೆಯ ಮೊದಲ ಸಂದರ್ಶನ ಕೆಟ್ಟಿತು. ಬಲು ಚೆನ್ನಾಗಿ ಕೆಟ್ಟಿತು. ಮೇಜಿನ ಆಚೆ ಮೂವರು ಪ್ರೊಫೆಸರುಗಳು. ಔಷಧಗಳ ಪ್ರಶ್ನೆಗಳಿಗೆಲ್ಲ ಹಂಸಾ ಸರಾಗವಾಗಿ ಉತ್ತರ ಹೇಳಿದಳು. ಕೊನೆಗೆ ಒಬ್ಬರು, ಒತ್ತಡ ಬಂದಾಗ ನೀವು ಹೇಗಿರುತ್ತೀರಿ, ಎಂದರು. "ನಾನಾ? ನನಗೆ ಟೆನ್ಷನ್ ಅನ್ನೋದೇ ಆಗೋದಿಲ್ಲ," ಎಂದು ಹೇಳುತ್ತ ಕೈಯಾಡಿಸಿದಳು, ಲೋಟದ ನೀರೆಲ್ಲ ಆ ಪ್ರೊಫೆಸರರ ಪ್ಯಾಂಟಿನ ಮೇಲೆ. ಒರೆಸಲು ಟಿಶ್ಯೂ ಎಳೆದರೆ ಡಬ್ಬವೇ ಹಾರಿ ಬಂತು. ಅವರು ನಕ್ಕರು, ಅವಳೂ ನಕ್ಕಳು, ಸೀಟು ಮಾತ್ರ ಸಿಗಲಿಲ್ಲ.

ಆ ವರ್ಷದ ಯುಗಾದಿಗೆ ಡಾಲಸ್‌ನ ಕನ್ನಡಿಗರು ಸೇರಿದ್ದ ಹಾಲ್‌ನಲ್ಲಿ ಮುಖ್ಯ ಅತಿಥಿಯಾಗಿ ಬಂದಿದ್ದವರು ಡಾಕ್ಟರ್ ಶಿವಾನಂದ. ಧಾರವಾಡದವರು, ಹ್ಯೂಸ್ಟನ್‌ನಲ್ಲಿ ಜೀವಮಾನವಿಡೀ ಅರಿವಳಿಕೆ ಡಾಕ್ಟರಾಗಿದ್ದು ನಿವೃತ್ತರಾಗಿ, ಅದರ ಪಕ್ಕದ ವುಡ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದವರು. ಊಟದ ಸಾಲಿನಲ್ಲಿ ವಿಶ್ವಾಸ್ ತನ್ನ ಹೆಂಡತಿಯನ್ನು ಅವರಿಗೆ ಪರಿಚಯಿಸಿ, ಅವಳ ಆಸೆಯನ್ನೂ, ಸಂದರ್ಶನದಲ್ಲಿ ಸೀಟು ತಪ್ಪಿದ್ದನ್ನೂ ಹೇಳಿಬಿಟ್ಟ.

ಶಿವಾನಂದರ ಹುಬ್ಬು ಮೇಲೇರಿತು. "ನರ್ಸ್ ಆಗಿ ಅನಸ್ತೇಶಿಯಾ ಕೊಡಾಕಿ? ಅದು ಡಾಕ್ಟರ್ ಕೆಲಸ ಅಲ್ಲೇನವಾ? ಮತ್ತ ನಾವು ಅಷ್ಟು ವರ್ಷ ಓದಿದ್ದು ಯಾಕ?"

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಹಂಸಾ ಖಾಲಿ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಳು. "ಇಲ್ಲಿ ಎರಡು ದಾರೀನೂ ಇದೆ ಅಂಕಲ್. ನಂದು ನರ್ಸಿಂಗ್ ದಾರಿ."

"ದಾರಿ ಎರಡಿದ್ರ ಊರು ಒಂದೇ ಆಗ್ತದೇನು?"

ಪಕ್ಕದಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಅವರ ಹೆಂಡತಿ ಶಾರದಾ ತಲೆಯೆತ್ತಿದರು. "ಅಲ್ರೀ, ನಿಮ್ಮ ಬೆನಿಟಾ ಯಾರು?"

"ಆಕಿ ಬ್ಯಾರೆ."

"ಹೆಂಗ ಬ್ಯಾರೆ? ಆಕಿನೂ ನರ್ಸ್ ಅನಸ್ತೆಟಿಸ್ಟೇ. ಮನಿಗೆ ಬಂದು, ಇವತ್ತ ಬೆನಿಟಾ ಇದ್ಲು, ಆರಾಮ ಕೂತು ಊಟ ಮಾಡಿದೆ ಅಂತಿದ್ರಿ. ಆಕಿ ರಿಟೈರ್ ಆದ ದಿನ ನೀವು ಕಣ್ಣಾಗ ನೀರು ತಂದ್ರಿ. ನಾ ನೋಡೀನಿ."

ಶಿವಾನಂದರು ಒಂದು ತುಂಡು ಹೋಳಿಗೆಯನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಅಗಿದು ಮುಗಿದ ಮೇಲೆ ಹಂಸಾಳನ್ನು ಕೇಳಿದರು. "ಇಂಟರ್‌ವ್ಯೂದಾಗ ಏನ್ ಕೇಳಿದ್ರು?"

ಹಂಸಾ ನೀರಿನ ಲೋಟದ ಕಥೆಯನ್ನು ಹೇಳಿದಳು. ಅವರು ಮೈ ಕುಲುಕಿಸಿಕೊಂಡು ನಕ್ಕರು. ತಟ್ಟೆಯ ಕೋಸಂಬರಿ ಚೆಲ್ಲಿತು. "ಮುಂದಿನ ಸಲ ಹ್ಯೂಸ್ಟನ್‌ನಾಗ ಅರ್ಜಿ ಹಾಕು. ಅದಕ್ಕಿಂತ ಮೊದಲ ನಮ್ಮ ಮನಿಗೆ ಬಾ. ನೀರು ಕುಡಿಯೂದು ಹೆಂಗ ಅಂತ ಕಲಿಸ್ತೀನಿ."

ಹಂಸಾ ನಿಜವಾಗಿಯೂ ಹೋದಳು. ಪಂಚೆಯುಟ್ಟ ಶಿವಾನಂದರು ಸೋಫಾದ ನಡುವೆ ಕೂತು, ಎರಡೂ ಪಕ್ಕಕ್ಕೆ ಒಂದೊಂದು ದಿಂಬು ನಿಲ್ಲಿಸಿದ್ದರು. "ಈ ಹಸಿರು ದಿಂಬು ಡೀನ್. ಭಾಳ ಸಿಟ್ಟಿನಾಕಿ. ಈ ಕೆಂಪು ದಿಂಬು ಏನೂ ಮಾತಾಡಂಗಿಲ್ಲ, ಬರೇ ನೋಡ್ತದ. ಇವರನ್ನ ನೋಡಿನೇ ಅಂಜಬೇಕು. ನಡೀಲಿ." ಹಂಸಾ ದಿಂಬುಗಳನ್ನು ನೋಡಿ ನಗು ತಡೆದುಕೊಂಡು ಉತ್ತರ ಹೇಳಬೇಕು. ನಕ್ಕರೆ ಮೊದಲಿನಿಂದ. ಒತ್ತಡದ ಪ್ರಶ್ನೆಗೆ ಅವಳು ಈ ಸಲ, "ಟೆನ್ಷನ್ ಆಗುತ್ತೆ ಸರ್. ಆದಾಗ ಮಾತು ನಿಧಾನ ಮಾಡ್ತೀನಿ, ಏನು ಮಾಡ್ತಿದೀನಿ ಅಂತ ಜೋರಾಗಿ ಹೇಳ್ತೀನಿ, ಸಹಾಯ ಕೇಳ್ತೀನಿ," ಎಂದಾಗ ಅವರು ಕೆಂಪು ದಿಂಬಿನ ಕಡೆ ಬಗ್ಗಿ ಏನೋ ಕೇಳಿಸಿಕೊಂಡ ಹಾಗೆ ಮಾಡಿ, "ಪಾಸ್ ಅಂತ," ಎಂದರು.

ಅದಾದ ಮೇಲೆ ಶಾರದಾ ಆಂಟಿಯ ಸರದಿ. ಆಪರೇಷನ್ನಿಗೆ ಮೊದಲು ರೋಗಿಯನ್ನು ವಿಚಾರಿಸುವ ಅಭ್ಯಾಸಕ್ಕೆ ಅವರೇ ರೋಗಿ. ದಿವಾನದ ಮೇಲೆ ಮಲಗಿ, ನರಳುತ್ತ, ಗಳಿಗೆಗೊಂದು ಹೊಸ ಕಾಯಿಲೆ ಹುಟ್ಟಿಸುವರು. "ನನಗ ಶುಗರ್ ಅದ, ಬಿಪಿ ಅದ, ಗೊರಕಿ ಅದ. ಗೊರಕಿ ಇವರದೂ ಸೇರಿಸಿ ಬರ್ಕೊ."

"ಆಂಟಿ, ಹಲ್ಲು ಯಾವುದಾದ್ರೂ ಅಲ್ಲಾಡ್ತಿದೆಯಾ?"

"ಹಲ್ಲಲ್ಲ, ನಾಲಿಗಿ ಅಲ್ಲಾಡ್ತದ," ಎಂದರು ಶಿವಾನಂದರು ಒಳಗಿನಿಂದ.

ಹ್ಯೂಸ್ಟನ್‌ನ ಶಾಲೆಯಿಂದ ಫೋನ್ ಬಂದಾಗ ಹಂಸಾ ಅರ್ವಿಂಗ್‌ನ ಇಂಡಿಯನ್ ಗ್ರಾಸರಿಯಲ್ಲಿ ಹೀರೇಕಾಯಿ ಆರಿಸುತ್ತಿದ್ದಳು. ಸೀಟು ಸಿಕ್ಕಿದೆ ಎಂದು ಕೇಳಿದ್ದೇ ಹೀರೇಕಾಯಿಯನ್ನು ಮೇಲೆತ್ತಿ ಕೂಗಿಕೊಂಡಳು. ಪಕ್ಕದಲ್ಲಿದ್ದ ಗುಜರಾತಿ ಹೆಂಗಸು ಆ ಹೀರೇಕಾಯಿಯಲ್ಲಿ ಅಂಥದ್ದೇನಿದೆಯೋ ಎಂದು ಅದೇ ರಾಶಿಯಿಂದ ನಾಲ್ಕು ಆರಿಸಿಕೊಂಡಳು.

ಮೂರು ವರ್ಷದ ಓದು, ಮುಗಿಸಿದರೆ ಡಾಕ್ಟರೇಟ್. ನಡುವೆ ಕೆಲಸ ಮಾಡಲು ಪುರುಸೊತ್ತು ಇರುವುದಿಲ್ಲ. ವಿಶ್ವಾಸ್‌ನ ಆಫೀಸು, ದಿಯಾಳ ಸ್ಕೂಲು ಎರಡೂ ಡಾಲಸ್ ಕಡೆ. ಹಂಸಾ ವಾರವಿಡೀ ವುಡ್‌ಲ್ಯಾಂಡ್ಸ್‌ನಲ್ಲಿ ಶಿವಾನಂದರ ಮನೆಯ ಮೇಲಿನ ಕೋಣೆಯಲ್ಲಿದ್ದು, ವಾರದ ಕೊನೆಗೆ ಯೂಲೆಸ್‌ಗೆ ಡ್ರೈವ್ ಮಾಡಿಕೊಂಡು ಬರುವುದೆಂದು ತೀರ್ಮಾನವಾಯಿತು. ಆಗ ಮೂರನೇ ಕ್ಲಾಸಿನಲ್ಲಿದ್ದ ದಿಯಾಗೆ ಒಂದೇ ಚಿಂತೆ. "ಹೂ ವಿಲ್ ಡೂ ಮೈ ಬ್ರೇಡ್ಸ್?"

"ನಾನು ಹಾಕ್ತೀನಿ," ಎಂದ ವಿಶ್ವಾಸ್. ಮೊದಲ ವಾರದ ಜಡೆ ಬಾವಿ ಹಗ್ಗದ ಹಾಗಿತ್ತು. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ ಹಂಸಾ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ದಸರಾ ಹಬ್ಬದ ಹೊತ್ತಿಗೆ ಅವನು ಎರಡು ಜಡೆ, ಹೆಣೆದ ಜಡೆ, ಸುತ್ತಿ ಕಟ್ಟುವ ಜಡೆ ಎಲ್ಲ ಕಲಿತುಬಿಟ್ಟಿದ್ದ. ಅಪಾರ್ಟ್‌ಮೆಂಟಿನ ಇನ್ನಿಬ್ಬರು ಹುಡುಗಿಯರೂ ಬೆಳಿಗ್ಗೆ ಬಾಚಣಿಗೆ ಹಿಡಿದು ಅವನ ಮುಂದೆ ಬಂದು ನಿಲ್ಲುತ್ತಿದ್ದರು.

ಶಾಲೆಯ ಮೊದಲ ವರ್ಷ ಪೂರ್ತಿ ಪಾಠ. ಹೃದಯ, ಶ್ವಾಸಕೋಶ, ನರ, ಔಷಧ, ಯಂತ್ರ. ಸಂಜೆ ಅವಳು ಊಟಕ್ಕೆ ಕೂತರೆ ಶಿವಾನಂದರು ಎದುರಿಗೆ ಕುರ್ಚಿ ಎಳೆದುಕೊಂಡು, "ಇವತ್ತ ಏನ್ ಕಲ್ತಿ?" ಎನ್ನುವರು. ಒಂದು ದಿನ ಅವಳು, ಸ್ನಾಯುಗಳನ್ನು ಸಡಿಲಿಸಲು ಕೊಟ್ಟ ಮದ್ದಿನ ಪ್ರಭಾವವನ್ನು ಗಳಿಗೆಯಲ್ಲೇ ಇಳಿಸಿಬಿಡುವ ಹೊಸ ಔಷಧದ ಬಗ್ಗೆ ಹೇಳಿದಳು. ಅವರು ನಿವೃತ್ತರಾದ ಮೇಲೆ ಬಂದದ್ದು ಅದು.

"ಗಳಿಗ್ಯಾಗ? ಪೂರ್ತಿ?"

"ಪೂರ್ತಿ ಅಂಕಲ್."

"ಹಂಗಂದ್ರ ಆಪರೇಷನ್ ಮುಗದ ಮ್ಯಾಲೆ ಪೇಶಂಟ್ ಕೈ ಎತ್ತಲಿ, ತಲಿ ಎತ್ತಲಿ ಅಂತ ಕಾಯ್ಕೋತ ಕೂಡೂದೇ ಇಲ್ಲ?" ಅವರ ಕಣ್ಣು ಹಬ್ಬದ ದಿನದ ಹುಡುಗನ ಕಣ್ಣಿನಂತಾಯಿತು. "ಶಾರದಾ, ಕೇಳಿದೇನು? ನನ್ನ ಜೀವಮಾನದ ಅರ್ಧ ಹೊತ್ತು ಇದಕ್ಕ ಕಾದು ಹೋಗೇತಿ!" ಅಂದಿನಿಂದ ಅವಳ ಪುಸ್ತಕಗಳನ್ನು ಅವಳಿಲ್ಲದಾಗ ಅವರು ಓದತೊಡಗಿದರು. ಪರೀಕ್ಷೆ ಬಂದರೆ ಅವಳಿಗಿಂತ ಅವರಿಗೇ ಹೆಚ್ಚು ಗಡಿಬಿಡಿ.

ಆಪರೇಷನ್ ಕೋಣೆಗೆ ಕಾಲಿಟ್ಟ ಮೇಲೆ ಮಾತ್ರ ಹಂಸಾಳ ಧೈರ್ಯ ಕುಸಿಯಿತು. ರೋಗಿ ನಿದ್ದೆ ಹೋದ ಮೇಲೆ, ಎಡಗೈಯಲ್ಲಿ ಹಿಡಿದ ದೀಪದ ಸಲಾಕೆಯಿಂದ ನಾಲಿಗೆ ಎತ್ತಿ, ಬಲಗೈಯಿಂದ ಗಂಟಲೊಳಗೆ ಉಸಿರಿನ ನಳಿಗೆ ಇಳಿಸಬೇಕು. ಪ್ಲಾಸ್ಟಿಕ್ ಬೊಂಬೆಯ ಗಂಟಲಿನಲ್ಲಿ ಸಲೀಸಾಗಿ ಇಳಿಯುತ್ತಿದ್ದದ್ದು ನಿಜವಾದ ಮನುಷ್ಯರ ಗಂಟಲಿನಲ್ಲಿ ಇಳಿಯಲೊಲ್ಲದು. ಪಕ್ಕದಲ್ಲಿ ನಿಂತ ಮೇಲ್ವಿಚಾರಕರು ಪ್ರತಿ ಸಲವೂ ಮೃದುವಾಗಿ, ನನಗೆ ಕೊಡು, ಎಂದು ಕೈಯಿಂದ ತೆಗೆದುಕೊಳ್ಳುವರು. ಐಸಿಯುನಲ್ಲಿ ಹೊಸ ನರ್ಸುಗಳಿಗೆ ಪಾಠ ಹೇಳಿಕೊಡುತ್ತಿದ್ದವಳು ಇಲ್ಲಿ ಮತ್ತೆ ಒಂದನೇ ಕ್ಲಾಸಿನ ಹುಡುಗಿಯಾಗಿದ್ದಳು. ಒಂದು ಸಂಜೆ ಊಟ ಬೇಡವೆಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಶಿವಾನಂದರು ಬಂದು ಎರಡು ಮೆಟ್ಟಿಲು ಕೆಳಗೆ ಕೂತರು. "ಎಡಗೈ ತೋರಸು. ಹೆಂಗ ಹಿಡೀತಿ?"

ತೋರಿಸಿದಳು.

"ಹಾಂ. ಹಾರಿಕೋಲು ಹಾಕಿ ಕಲ್ಲು ಎಬ್ಬಿಸಿದಂಗ ಮಣಿಕಟ್ಟು ತಿರುಗಸ್ತಿ. ಅದಕ್ಕ ಕಾಣಂಗಿಲ್ಲ. ತಿರುಗಸಬ್ಯಾಡ, ಎತ್ತು. ಅಲ್ಲಿ ನೋಡು, ಗ್ವಾಡಿ ಮತ್ತ ಸೂರು ಕೂಡೋ ಮೂಲಿ. ಆ ಮೂಲಿಗೆ ಏನೋ ಕೊಡಾಕತ್ತೀನಿ ಅಂತ ತಿಳ್ಕೊಂಡು ಕೈ ಕಳಸು."

"ಅಷ್ಟೇನಾ ಅಂಕಲ್?"

"ಅಷ್ಟ. ನನಗ ಇದನ್ನ ಯಾರು ಹೇಳಿಕೊಟ್ರು ಗೊತ್ತದೇನು? ನಾ ಈ ದೇಶಕ್ಕ ಬಂದ ಹೊಸದಾಗ, ಒಬ್ಬ ನರ್ಸ್ ಅನಸ್ತೆಟಿಸ್ಟ್. ಶಾರದಾಗ ಹೇಳಬ್ಯಾಡ, ಇನ್ನೊಂದು ಹತ್ತು ವರ್ಷ ಆಡ್ಕೋತಾಳ."

"ನನಗ ಎಲ್ಲಾ ಕೇಳಸ್ತದ," ಎಂದಿತು ಅಡುಗೆಮನೆ.

ಮರುವಾರ ಹಂಸಾ ಕೋಣೆಯ ಮೂಲೆಯನ್ನು ನೋಡಿ ಎತ್ತಿದಳು. ಗಂಟಲೊಳಗೆ ಸ್ವರತಂತುಗಳು ಬೆಳ್ಳಗೆ ಬಾಗಿಲು ತೆರೆದಂತೆ ಕಂಡವು. ನಳಿಗೆ ಇಳಿಯಿತು.

ಕೊನೆಯ ವರ್ಷದ ತರಬೇತಿಗೆ ಅವಳನ್ನು ಆಸ್ಟಿನ್‌ನ ಒಂದು ಆಸ್ಪತ್ರೆಗೆ ಹಾಕಿದರು. ಅಲ್ಲಿ ಅವಳ ಮೇಲ್ವಿಚಾರಕಿ ಲೂಪೆ ಎಂಬ ನರ್ಸ್ ಅನಸ್ತೆಟಿಸ್ಟ್. ಮೆಕ್ಸಿಕನ್ ಮನೆತನದವಳು, ಗಿಡ್ಡ ಆಳು, ದೊಡ್ಡ ಗಂಟಲು. ಹೆಚ್ಚು ಹೊಗಳುವವಳಲ್ಲ. ಕೆಲಸ ಸರಿಯಾದರೆ, "ಮುಂದಿನದು," ಎನ್ನುವಳು. ಸರಿಯಾಗದಿದ್ದರೆ, "ಮತ್ತೊಮ್ಮೆ," ಎನ್ನುವಳು. ಹಂಸಾಳಿಗೆ ಆ ಎರಡು ಪದಗಳು ಸಾಕಾಗಿದ್ದವು.

ಒಂದು ಬೆಳಿಗ್ಗೆಯ ಮೊದಲ ಕೇಸು ಹರ್ನಿಯಾ. ರೋಗಿಯ ಹೆಸರು ವಾದಿರಾಜ ರಾವ್. ಮಗ ಜಯಂತನ ಮನೆಗೆ ಮೈಸೂರಿನಿಂದ ಬಂದು ಆಸ್ಟಿನ್‌ನಲ್ಲೇ ಉಳಿದಿರುವ ಎಂಬತ್ತರ ಹತ್ತಿರದ ಹಿರಿಯರು. ಇಂಗ್ಲಿಷ್ ಬರುತ್ತಿತ್ತು, ಆದರೆ ಕಿವಿ ಸ್ವಲ್ಪ ಮಂದ. ಟೆಕ್ಸಸ್ ಉಚ್ಚಾರಣೆ ಅವರಿಗೆ ಹತ್ತುತ್ತಿರಲಿಲ್ಲ. ಆದ್ದರಿಂದ ಆಸ್ಪತ್ರೆಯವರು ಫೋನಿನಲ್ಲಿ ಕನ್ನಡ ದುಭಾಷಿಯೊಬ್ಬನನ್ನು ಹಿಡಿದು ಎಲ್ಲ ಪ್ರಶ್ನೆಗಳನ್ನೂ ಕೇಳಿ ಮುಗಿಸಿದ್ದರು. ಹಂಸಾ ಮತ್ತು ಲೂಪೆ ಪರದೆ ಸರಿಸಿ ಒಳಗೆ ಬಂದಾಗ ಅಲ್ಲಿನ ನರ್ಸ್ ಹೊಗಳಿಯೇ ಹೊಗಳಿದಳು. "ಇಂಥ ರೋಗಿಯನ್ನು ನಾನು ನೋಡಿಯೇ ಇಲ್ಲ. ರಾತ್ರಿಯಿಂದ ಅಲ್ಲ, ನಿನ್ನೆ ಇಡೀ ದಿನ ಉಪವಾಸ ಇದ್ದಾರೆ! ಇವತ್ತು ಬೆಳಿಗ್ಗೆ ಹಯಗ್ರೀವ ಎನ್ನುವ ದೇವರ ಪ್ರಾರ್ಥನೆ ಮಾಡಿದ್ದಾರೆ, ಅಷ್ಟೆ."

ಲೂಪೆ ತಲೆಯಾಡಿಸಿದಳು. ಹಂಸಾ ಕೈಮುಗಿದು ಕನ್ನಡದಲ್ಲಿ, "ನಮಸ್ಕಾರ ರಾಯರೇ. ನಾನು ಹಂಸಾ. ಇವರ ಜೊತೆ ಸೇರಿ ನಿಮಗೆ ಅನಸ್ತೇಶಿಯಾ ಕೊಡೋ ಸ್ಟೂಡೆಂಟ್," ಎಂದಳು.

ರಾಯರ ಮುಖ ಬೆಳಗಿತು. "ಕನ್ನಡದವಳಾ ತಾಯಿ! ಯಾವೂರು?"

"ಮೈಸೂರೇ. ಅಗ್ರಹಾರ."

"ಅಗ್ರಹಾರವೇ! ಹಾಗಾದ್ರೆ ಇನ್ನು ನನಗೇನೂ ಭಯವಿಲ್ಲ ಬಿಡು. ಆ ಫೋನಿನ ಹುಡುಗನಿಗೆ ನಾನು ಒಂದು ಹೇಳಿದ್ರೆ ಅವನು ಒಂದು ಹೇಳ್ತಿದ್ದ. ನಿನ್ನೆ ಏಕಾದಶಿ ಅಂದ್ರೆ ಏನು ಅಂತಾನೂ ಅವನಿಗೆ ಗೊತ್ತಿಲ್ಲ."

ಹಂಸಾ ನಗುತ್ತ ಅವರ ಕೈಯ ನರ ನೋಡುತ್ತಿದ್ದವಳು ತಟ್ಟನೆ ನಿಂತಳು. ನಿನ್ನೆ ಏಕಾದಶಿ. ಹಾಗಾದರೆ ಇವತ್ತು ದ್ವಾದಶಿ. ಅಗ್ರಹಾರದ ಅವಳ ಮನೆಯ ಪಕ್ಕದ ಆಚಾರ್ಯರ ಮನೆಯಲ್ಲಿ ದ್ವಾದಶಿಯ ದಿನ ಬೆಳಕು ಹರಿಯುವ ಮೊದಲೇ ಒಲೆ ಉರಿಯುತ್ತಿತ್ತು. ಉಪವಾಸ ಬಿಡುವ ಪಾರಣೆಯೂ ಅವರಿಗೆ ಉಪವಾಸದಷ್ಟೇ ಕಟ್ಟುನಿಟ್ಟು. ಆ ಬೆಳಿಗ್ಗೆ ಗೋಡೆಯಾಚೆಯಿಂದ ಬಟ್ಟಲಲ್ಲಿ ಬರುತ್ತಿದ್ದ ಸಿಹಿಯ ಹೆಸರೂ ಅವಳಿಗೆ ನೆನಪಿತ್ತು.

"ರಾಯರೇ, ಪಾರಣೆ ಆಯ್ತಾ?"

"ಆಯ್ತಲ್ಲ. ದ್ವಾದಶಿ ಪಾರಣೆ ಬಿಡೋದುಂಟಾ? ಅದೇ ಆ ಹುಡುಗನಿಗೂ ಹೇಳಿದೆನಲ್ಲ, ಪಾರಣೆ ಆಯ್ತು, ಹಯಗ್ರೀವ ಆಯ್ತು ಅಂತ."

"ಹಯಗ್ರೀವ ಎಷ್ಟು ತಗೊಂಡ್ರಿ?"

"ಜಾಸ್ತಿ ಏನಿಲ್ಲ. ಒಂದು ಬಟ್ಟಲು. ಆಮೇಲೆ ಇನ್ನು ಸ್ವಲ್ಪ."

ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡಿದ್ದ ಜಯಂತ ಕುರ್ಚಿಯಿಂದ ಎದ್ದೇಬಿಟ್ಟ. "ಅಣ್ಣಾ! ಏನೂ ತಿನ್ನಬಾರದು ಅಂತ ರಾತ್ರಿ ಹೇಳಿರಲಿಲ್ವಾ ನಾನು?"

"ನೀನು ಊಟ ತಿಂಡಿ ಬೇಡ ಅಂದೆ. ಇದು ಊಟ ಅಲ್ಲ, ತಿಂಡಿ ಅಲ್ಲ. ನೈವೇದ್ಯ. ಇಲ್ಲಿಗೆ ಹೊರಡೋ ಮುಂಚೆ ನೀನು ಸ್ನಾನಕ್ಕೆ ಹೋಗಿದ್ದೆ, ನಾನು ಮುಗಿಸಿದೆ."

ಲೂಪೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಹಂಸಾ ಅವಳನ್ನು ಪರದೆಯಾಚೆ ಕರೆದು ಹೇಳಿದಳು: ಹಯಗ್ರೀವ ದೇವರ ಹೆಸರು ನಿಜ, ಆದರೆ ಒಂದು ಸಿಹಿಯ ಹೆಸರೂ ಹೌದು. ಕಡಲೆಬೇಳೆ, ಬೆಲ್ಲ, ಕೊಬ್ಬರಿ, ತುಪ್ಪ. ತಿಂದು ಎರಡು ಗಂಟೆಯೂ ಆಗಿಲ್ಲ.

ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿ ಇರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ತುರ್ತಿನ ಆಪರೇಷನ್ ಆಗಿದ್ದರೆ ಬೇರೆ ಮಾತು. ಈ ಹರ್ನಿಯಾ ಒಂದು ದಿನ ಕಾಯಬಹುದಿತ್ತು.

"ಸರ್ಜನ್‌ಗೆ ನೀನೇ ಹೇಳು," ಎಂದಳು ಲೂಪೆ.

"ನಾನಾ?"

"ಬೇಳೆಯ ವಿಷಯ ನನಗೇನು ಗೊತ್ತು? ನಾನು ನಿನ್ನ ಹಿಂದೆಯೇ ಇರುತ್ತೇನೆ."

ಸರ್ಜನ್ ಆಗಲೇ ಕೈ ತೊಳೆಯಲು ಹೊರಟಿದ್ದರು. ಎತ್ತರದ ಮನುಷ್ಯ, ದಿನವಿಡೀ ಒಂದರ ಹಿಂದೆ ಒಂದು ಕೇಸು. ಹಂಸಾ ಅವರೆದುರು ಹೋಗಿ ನಿಂತಳು. ಮಾತು ನಿಧಾನ ಮಾಡಿದಳು. "ಡಾಕ್ಟರ್, ಈ ಕೇಸು ಇವತ್ತು ಮಾಡುವಂತಿಲ್ಲ. ಅವರು ಬೆಳಿಗ್ಗೆ ತಿಂದಿದ್ದಾರೆ. ಅವರು ಮುಚ್ಚಿಟ್ಟಿಲ್ಲ, ಹೇಳಿದ್ದಾರೆ; ನಮಗೆ ಅರ್ಥವಾಗಲಿಲ್ಲ."

"ಏನು ತಿಂದಿದ್ದಾರೆ?"

ಹೇಳಿದಳು. ಸರ್ಜನ್ ಅವಳ ಕಡೆ ಪೂರ್ತಿ ತಿರುಗಿದರು. "ತುಪ್ಪ ಎಷ್ಟು ಹಾಕುತ್ತಾರೆ?"

"ಬಹಳ."

"ಬೆಲ್ಲ?"

"ಅದೂ ಬಹಳ."

"ನಾನು ಬೆಳಿಗ್ಗೆ ಒಂದು ಒಣ ಬೇಗಲ್ ಬನ್ನು ತಿಂದು ಬಂದಿದ್ದೇನೆ," ಎಂದು ಅವರು ನಿಟ್ಟುಸಿರು ಬಿಟ್ಟರು. "ನಾಳೆ ಮೊದಲನೆಯ ಕೇಸಾಗಿ ಹಾಕಿ. ಒಳ್ಳೆಯ ಕೆಲಸ ಮಾಡಿದೆ."

ಲೂಪೆ ಮುಂದಿನ ರೋಗಿಯ ಕಡೆ ಹೊರಟಳು. ಕಾರಿಡಾರಿನಲ್ಲಿ ಸ್ವಲ್ಪ ದೂರ ನಡೆದ ಮೇಲೆ, "ನನ್ನ ಅಜ್ಜಿಯೂ ಹಾಗೇ," ಎಂದಳು. "ಚರ್ಚಿನಲ್ಲಿ ಕೊಟ್ಟದ್ದು ಯಾವುದೂ ಅವಳ ಪ್ರಕಾರ ತಿಂಡಿಯಲ್ಲ. ಮುಂದಿನದು."

ಮಾರನೆಯ ದಿನ ರಾಯರು ನಿಜವಾಗಿಯೂ ಖಾಲಿ ಹೊಟ್ಟೆಯಲ್ಲಿ ಬಂದರು. ಜಯಂತ ರಾತ್ರಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಹಾಸಿಗೆ ಹಾಕಿಕೊಂಡು ಮಲಗಿದ್ದನಂತೆ. ಆಪರೇಷನ್ ಮೇಜಿನ ಮೇಲೆ ಮಲಗಿದಾಗ ರಾಯರು ಹಂಸಾ ಎಲ್ಲಿದ್ದಾಳೆಂದು ಕತ್ತು ತಿರುಗಿಸಿ ಹುಡುಕಿದರು. ಹಂಸಾ ಅವರ ಮೂಗಿನ ಮೇಲೆ ಆಮ್ಲಜನಕದ ಮಾಸ್ಕ್ ಹಿಡಿದು ಕಿವಿಯ ಹತ್ತಿರ ಬಗ್ಗಿದಳು.

"ರಾಯರೇ, ಹಯಗ್ರೀವ ಮಾಡೋದು ಹೇಗೆ ಅಂತ ಹೇಳಿ. ನಮ್ಮ ಮನೆಯವರು ಕೇಳ್ತಿದ್ರು."

"ಕಡಲೆಬೇಳೆ ಹದವಾಗಿ ಬೇಯಬೇಕು ತಾಯಿ," ಎಂದರು ಅವರು ಮಾಸ್ಕಿನೊಳಗಿಂದ. "ಬೆರಳಲ್ಲಿ ಹಿಸುಕಿದ್ರೆ ಹಿಸುಕಬೇಕು, ಆದ್ರೆ ಕರಗಬಾರದು. ಆಮೇಲೆ ಬೆಲ್ಲ..."

ಹಾಲಿನ ಬಣ್ಣದ ಔಷಧ ನರದೊಳಗೆ ಇಳಿಯಿತು. ರಾಯರು ಬೆಲ್ಲದ ಹತ್ತಿರವೇ ನಿದ್ದೆ ಹೋದರು. ಹಂಸಾ ಮೂಲೆ ನೋಡಿ ಎತ್ತಿದಳು, ನಳಿಗೆ ಇಳಿಸಿದಳು, ಎದೆಯ ಎರಡೂ ಕಡೆ ಉಸಿರು ಕೇಳಿದಳು. ಆಪರೇಷನ್ ನಡೆದಷ್ಟು ಹೊತ್ತೂ ಪರದೆಯ ಈಚೆ ನಿಂತು ಆ ವಯಸ್ಸಾದ ಹೃದಯದ ಒಂದೊಂದು ಬಡಿತವನ್ನೂ ಕಾದಳು. ರಕ್ತದೊತ್ತಡ ಒಮ್ಮೆ ಜಾರಿತು. ಲೂಪೆ ಬಾಯಿ ತೆರೆಯುವ ಮೊದಲೇ ಹಂಸಾ ಔಷಧ ಕೊಟ್ಟು ಸರಿಮಾಡಿದಳು. ಲೂಪೆ ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

ಎಲ್ಲ ಮುಗಿದು, ನಳಿಗೆ ತೆಗೆದು, ಎಚ್ಚರದ ಕೋಣೆಗೆ ಕರೆತಂದಾಗ ರಾಯರು ಕಣ್ಣು ಬಿಟ್ಟರು. ಮೇಲೆ ನೋಡಿದರು, ಹಂಸಾಳನ್ನು ನೋಡಿದರು.

"ತುಪ್ಪ ಕೊನೇಲಿ," ಎಂದರು. "ಮೊದಲೇ ಹಾಕಿಬಿಟ್ಟೀಯ."

ಹಂಸಾಳಿಗೆ ನಗು ತಡೆಯಲಾಗಲಿಲ್ಲ. ಲೂಪೆ ಏನೆಂದು ಕೇಳಿದಳು. ಹೇಳಿದಾಗ ಅವಳ ದೊಡ್ಡ ಗಂಟಲಿನ ನಗು ಇಡೀ ಕೋಣೆಗೆ ಕೇಳಿಸಿತು. ಅವಳು ಬಾಯ್ತುಂಬ ನಕ್ಕದ್ದನ್ನು ಹಂಸಾ ನೋಡಿದ್ದು ಅದೇ ಮೊದಲು.

ಓದು ಮುಗಿದ ಮೇಲೆ ಕೊನೆಯದಾಗಿ ರಾಷ್ಟ್ರಮಟ್ಟದ ಪರೀಕ್ಷೆ. ಅದರಲ್ಲಿ ಪಾಸಾಗದೆ ಯಾರೂ ನರ್ಸ್ ಅನಸ್ತೆಟಿಸ್ಟ್ ಎಂದು ಹೇಳಿಕೊಳ್ಳುವ ಹಾಗಿಲ್ಲ. ಡಾಲಸ್‌ನ ಒಂದು ಪರೀಕ್ಷಾ ಕೇಂದ್ರಕ್ಕೆ ವಿಶ್ವಾಸ್ ಮತ್ತು ದಿಯಾ ಅವಳನ್ನು ಕಾರಿನಲ್ಲಿ ಕರೆತಂದು ಬಿಟ್ಟರು. ಶಿವಾನಂದರು ಬೆಳಗಿನಿಂದ ಎಂಟು ಸಲ ಫೋನ್ ಮಾಡಿ, ಯಾವ ಪ್ರಶ್ನೆಗೂ ಉತ್ತರ ಬದಲಾಯಿಸಬೇಡವೆಂದು ಎಂಟು ಸಲವೂ ಹೇಳಿದ್ದರು. ಒಳಗೆ ಹೋದರೆ ಕಂಪ್ಯೂಟರು ಒಂದೊಂದೇ ಪ್ರಶ್ನೆ ಕೇಳುತ್ತ ಹೋಯಿತು. ಇನ್ನೂ ಕೇಳುತ್ತದೆ ಎಂದುಕೊಂಡಿದ್ದಾಗ ತಾನಾಗಿಯೇ ನಿಂತುಬಿಟ್ಟಿತು. ಪಾಸೋ ಫೇಲೋ ಗೊತ್ತಾಗುವ ತನಕ ಅವಳು ಎರಡೂ ಕೈಯಲ್ಲಿ ಕುರ್ಚಿಯನ್ನು ಹಿಡಿದುಕೊಂಡಿದ್ದಳು. ಪಾಸು.

ಓಡುತ್ತ ಪಾರ್ಕಿಂಗಿಗೆ ಬಂದಳು. ಜುಲೈ ತಿಂಗಳ ಬಿಸಿಲು ಟಾರಿನ ಮೇಲೆ ಕುಣಿಯುತ್ತಿತ್ತು. ವಿಶ್ವಾಸ್ ಮತ್ತು ದಿಯಾ ಕಾರಿನ ಹೊರಗೆ ನಿಂತು ಜಗಳವಾಡುತ್ತಿದ್ದರು. ಕಾರು ಒಳಗಿನಿಂದ ಲಾಕ್ ಆಗಿತ್ತು. ಕೀ, ಎರಡೂ ಫೋನು, ಪುಳಿಯೋಗರೆಯ ಡಬ್ಬ ಎಲ್ಲ ಸೀಟಿನ ಮೇಲೆ ಕಾಣುತ್ತಿದ್ದವು.

"ಅಪ್ಪ ಲಾಕ್ಡ್ ಇಟ್," ಎಂದಳು ದಿಯಾ.

"ಇವಳೇ ಬಾಗಿಲು ಹಾಕಿದ್ದು ಕಣೇ," ಎಂದ ವಿಶ್ವಾಸ್. "ಒಳಗೆ ಹೋಗಿ ಆ ರಿಸೆಪ್ಷನ್‌ನವಳ ಹತ್ರ ಬೇಡ್ಕೊಂಡು ಫೋನ್ ಮಾಡಿ ಬಂದೆ. ಬೀಗ ತೆಗೆಯೋನು ಬರ್ತಿದಾನೆ. ಪುಳಿಯೋಗರೆ ಕಣ್ಣೆದುರಿಗೇ ಇದೆ, ತಿನ್ನೋ ಹಾಗಿಲ್ಲ!"

ಹಂಸಾ ಕಾದಳು. ಇಬ್ಬರೂ ಪುಳಿಯೋಗರೆಯ ಬಗ್ಗೆಯೇ ವಾದ ಮುಂದುವರಿಸಿದರು. ಬೀಗದವನು ಬಂದು, ಒಂದು ಚಪ್ಪಟೆ ಕಡ್ಡಿಯನ್ನು ಕಿಟಕಿಯ ಸಂದಿಗೆ ತೂರಿಸುತ್ತ, ಪರೀಕ್ಷೆ ಬರೆಯಲು ಬಂದಿದ್ದಿರಾ, ಹೇಗಾಯಿತು, ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಪಾಸಾಯ್ತು," ಎಂದಳು ಹಂಸಾ.

ವಿಶ್ವಾಸ್ ತಿರುಗಿದ. ದಿಯಾ ತಿರುಗಿದಳು. ಆಮೇಲೆ ಆದದ್ದು ಪಾರ್ಕಿಂಗಿನಲ್ಲಿದ್ದ ಉಳಿದ ಕಾರುಗಳವರೆಲ್ಲ ಕಿಟಕಿ ಇಳಿಸಿ ನೋಡುವಂಥ ಗಲಾಟೆ. ದಿಯಾ ಅಮ್ಮನ ಕುತ್ತಿಗೆಗೆ ಜೋತುಬಿದ್ದು, ವಿಶ್ವಾಸ್ ಇಬ್ಬರನ್ನೂ ಒಟ್ಟಿಗೆ ಎತ್ತಲು ಹೋಗಿ, ಮೂವರೂ ಬಿಸಿ ಕಾರಿಗೆ ತಾಗಿ "ಅಯ್ಯೋ" ಎಂದು ಹಾರಿದರು.

ಕಾರಿನ ಬಾಗಿಲು ತೆರೆದುಕೊಂಡಿತು. ಸೀಟಿನ ಮೇಲಿದ್ದ ಹಂಸಾಳ ಫೋನು ಗುಂಯ್‌ಗುಟ್ಟುತ್ತಿತ್ತು. ಪರದೆಯ ಮೇಲೆ ಶಾರದಾ ಆಂಟಿಯ ಹೆಸರು. ಎತ್ತಿಕೊಂಡರೆ ಆ ಕಡೆಯಿಂದ ಅವರು, "ಲಗೂನ ಹೇಳವಾ, ಏನಾತು? ಇವರು ಬೆಳಿಗ್ಗಿಂದ ನೀರು ಕುಡಿದಿಲ್ಲ, ನನಗೂ ಕುಡಿಯಾಕ ಬಿಟ್ಟಿಲ್ಲ!" ಎಂದರು.

"ಇಬ್ಬರೂ ಕುಡೀರಿ ಆಂಟಿ," ಎಂದಳು ಹಂಸಾ. ವಿಶ್ವಾಸ್ ಆಗಲೇ ಪುಳಿಯೋಗರೆಯ ಡಬ್ಬದ ಮುಚ್ಚಳ ತೆಗೆದು, ಮೊದಲ ತುತ್ತನ್ನು ಬೀಗದವನ ಕಡೆ ಚಾಚಿದ್ದ.